ಮೂಲೆಯಿಂದ ನಡುವಿಗೆ ಬಂದ ಗುಂಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕಂಪ್ಯೂಟರ್ ಪರದೆಯ ಎಡಗಡೆಯ ಕೆಳಮೂಲೆಯ ಬಗ್ಗೆ ಇವತ್ತು ಮಾತನಾಡುತ್ತೇನೆ. 1995ರ ಆಗಸ್ಟ್ 24ರಂದು ವಿಂಡೋಸ್ 95 ಬಿಡುಗಡೆಯಾದಾಗ ಸ್ಟಾರ್ಟ್ ಗುಂಡಿ ಆ ಮೂಲೆಗೆ ಬಂದು ಕೂತಿತು. ಆಮೇಲೆ ಎಕ್ಸ್‌ಪಿ ಬಂತು, ಏಳು ಬಂತು, ಹತ್ತು ಬಂತು. ಬಣ್ಣ ಬದಲಾಯಿತು, ಆಕಾರ ಬದಲಾಯಿತು, ನಡುವೆ ಒಮ್ಮೆ ಗುಂಡಿಯೇ ಮಾಯವಾಗಿ ಮರಳಿತು. ಜಾಗ ಮಾತ್ರ ಅದೇ ಆಗಿತ್ತು. 2021ರ ಅಕ್ಟೋಬರ್ 5ರಂದು ಬಂದ ವಿಂಡೋಸ್ 11ರಲ್ಲಿ ಆ ಗುಂಡಿ ಕೆಳಗಿನ ಪಟ್ಟಿಯ ನಡುಭಾಗಕ್ಕೆ ಸರಿಯಿತು. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಎಷ್ಟೋ ಕಚೇರಿಗಳು ಹಳೆಯದರಲ್ಲೇ ನೆಮ್ಮದಿಯಾಗಿದ್ದವು. ಆದರೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ಹೀಗಾಗಿ ಮುಂದೂಡುತ್ತ ಬಂದವರೆಲ್ಲ ಈಗ ಒಟ್ಟಿಗೆ ಹೊಸ ಪರದೆಯ ಮುಂದೆ ಕೂತಿದ್ದಾರೆ.

ತೋಟದ ಕಚೇರಿಗಳಲ್ಲಿ ಲೆಕ್ಕ ಬರೆಯುವ ರೈಟರುಗಳಿಗೆ, ಸಹಕಾರ ಸಂಘಗಳ ಗುಮಾಸ್ತರಿಗೆ ಕಂಪ್ಯೂಟರ್ ಕಲಿಸುವುದು ನನ್ನ ಕೆಲಸ. ಇವರಲ್ಲಿ ಬಹುಪಾಲು ಜನ ಪುಸ್ತಕ ಓದಿ ಕಂಪ್ಯೂಟರ್ ಕಲಿತವರಲ್ಲ. ಕೆಲಸ ಮಾಡುತ್ತ ಮಾಡುತ್ತ ಅವರ ಕೈ ಕಲಿತಿದೆ. ಪರದೆ ಬದಲಾದಾಗ ಮೊದಲ ಪೆಟ್ಟು ಬೀಳುವುದು ಆ ಕಲಿಕೆಯ ಮೇಲೆ.

ಮೂಡಿಗೆರೆ ಕಡೆಯ ಒಂದು ತೋಟದ ಕಚೇರಿಗೆ ಹೋಗಿದ್ದೆ. ಅವತ್ತು ಶನಿವಾರ, ಬಟವಾಡೆಯ ದಿನ. ವಾರದ ಹಾಜರಿ ಕೂಡಿಸಿ, ಕೊಟ್ಟ ಮುಂಗಡ ಕಳೆದು, ಒಬ್ಬೊಬ್ಬರ ಹೆಸರಿನ ಮುಂದೆ ಮೊತ್ತ ಹಾಕಿ ಸಂಜೆಯೊಳಗೆ ಹಾಳೆ ತೆಗೆಯಬೇಕು. ರೈಟರಿಗೆ ಅರವತ್ತರ ಸಮೀಪದ ವಯಸ್ಸು. ಅವರ ಕಣ್ಣು ಮೇಜಿನ ಮೇಲೆ ಬಿಡಿಸಿಟ್ಟ ಚೆಕ್‌ರೋಲಿನ, ಅಂದರೆ ಹಾಜರಿ ಪುಸ್ತಕದ ಮೇಲಿತ್ತು. ಬಲಗೈ ಮೌಸನ್ನು ಎಡಕ್ಕೆ, ಕೆಳಕ್ಕೆ ಒಮ್ಮೆ ತಳ್ಳಿತು. ಹೊಸ ಯಂತ್ರದಲ್ಲಿ ಆ ಮೂಲೆಯಲ್ಲಿರುವುದು ಹವಾಮಾನದ ಚಿತ್ರ. ಒತ್ತುವುದೂ ಬೇಡ, ಬಾಣದ ಗುರುತು ಅದರ ಮೇಲೆ ಒಂದು ಕ್ಷಣ ನಿಂತರೆ ಸಾಕು, ಸುದ್ದಿಗಳ ದೊಡ್ಡ ಹಲಗೆ ತೆರೆದುಕೊಂಡು ಪರದೆಯ ಎಡಭಾಗವನ್ನು ಮುಚ್ಚುತ್ತದೆ. ರೈಟರು ಅದನ್ನು ಮುಚ್ಚಿದರು. ಪುಸ್ತಕದಲ್ಲಿ ಇನ್ನೊಂದು ಸಾಲು ನೋಡಿಕೊಂಡರು. ಕೈ ಮತ್ತೆ ಅಲ್ಲಿಗೇ ಹೋಯಿತು, ಹಲಗೆ ಮತ್ತೆ ತೆರೆಯಿತು.

"ಮೇಡಂ, ನನಗೆ ವಯಸ್ಸಾಯಿತು. ಹುಡುಗರನ್ನು ಯಾರನ್ನಾದರೂ ಕೂರಿಸಿಬಿಡಿ" ಎಂದರು.

"ರೈಟರೇ, ನಿಮ್ಮ ಕೈ ಸರಿಯಾದ ಜಾಗಕ್ಕೇ ಹೋಗುತ್ತಿದೆ. ಗುಂಡಿಯನ್ನು ಅಲ್ಲಿಂದ ತೆಗೆದಿದ್ದಾರೆ, ಅಷ್ಟೇ" ಎಂದೆ.

ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು. ಹದವಾಗಿ ಹಣ್ಣಾದ ಕಾಫಿಯನ್ನಷ್ಟೇ ಬಿಡಿಸುವ ಹೆಂಗಸಿನ ಬೆರಳಿಗೆ ಇರುವಂಥ ತಿಳಿವಳಿಕೆಯೇ ಆ ಕೈಗೂ ಇದೆ. ವರ್ಷಗಟ್ಟಲೆ ಒಂದೇ ಕಡೆ ಹೋಗಿ ಬಂದು ಗಳಿಸಿದ್ದು ಅದು. ಹೊಸ ವಿನ್ಯಾಸಕ್ಕೆ ಒಗ್ಗಿಕೊಳ್ಳುವುದನ್ನು ದಡ್ಡತನ, ಜಾಣತನದ ಪ್ರಶ್ನೆಯಾಗಿ ನೋಡುವುದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಚೆನ್ನಾಗಿ ಕಲಿತವರಿಗೇ ಬದಲಾವಣೆ ಹೆಚ್ಚು ಕಾಡುತ್ತದೆ. ಏನನ್ನೂ ಕಲಿಯದವರಿಗೆ ಮರೆಯಬೇಕಾದದ್ದಾದರೂ ಏನಿರುತ್ತದೆ?

ಮೂಲೆಗೆ ಇನ್ನೊಂದು ಗುಣವೂ ಇದೆ. ಅಮೆರಿಕದ ಮನೋವಿಜ್ಞಾನಿ ಪಾಲ್ ಫಿಟ್ಸ್ 1954ರಲ್ಲಿ ಕೈಯ ಚಲನೆಯ ಬಗ್ಗೆ ಒಂದು ನಿಯಮವನ್ನು ಮುಂದಿಟ್ಟರು. ಗುರಿ ಎಷ್ಟು ದೂರದಲ್ಲಿದೆ, ಎಷ್ಟು ಅಗಲವಿದೆ ಎಂಬುದರ ಮೇಲೆ ಅದನ್ನು ಮುಟ್ಟಲು ಬೇಕಾಗುವ ಸಮಯ ನಿಂತಿರುತ್ತದೆ ಎಂಬುದು ಅದರ ತಿರುಳು. ಪರದೆಯ ಮೂಲೆಗೆ ಇದನ್ನು ಅನ್ವಯಿಸಿ ನೋಡಿ. ಮೌಸನ್ನು ಎಷ್ಟೇ ಜೋರಾಗಿ ತಳ್ಳಿದರೂ ಬಾಣ ಪರದೆಯ ಅಂಚು ದಾಟಿ ಆಚೆ ಹೋಗುವುದಿಲ್ಲ, ಮೂಲೆಯಲ್ಲೇ ನಿಲ್ಲುತ್ತದೆ. ಗುರಿಯಿಡುವ ಅಗತ್ಯವಿಲ್ಲ, ನೋಡುವ ಅಗತ್ಯವೂ ಇಲ್ಲ. ನಡುಭಾಗದ ಗುಂಡಿಗೆ ಈ ಸೌಲಭ್ಯವಿಲ್ಲ, ಅಲ್ಲಿ ಬಾಣವನ್ನು ನೋಡಿಕೊಂಡೇ ನಿಲ್ಲಿಸಬೇಕು. ಅದರ ಮೇಲೆ, ಪಟ್ಟಿಯಲ್ಲಿರುವ ಚಿಹ್ನೆಗಳೆಲ್ಲ ಸೇರಿ ನಡುವೆ ಬರುವಂತೆ ಜೋಡಣೆಯಾಗಿರುವುದರಿಂದ, ಒಂದೊಂದು ಹೊಸ ತಂತ್ರಾಂಶ ತೆರೆದಾಗಲೂ ಸ್ಟಾರ್ಟ್ ಗುಂಡಿ ತುಸು ಎಡಕ್ಕೆ ಸರಿಯುತ್ತದೆ. ಬೆಳಿಗ್ಗೆ ಇದ್ದಲ್ಲಿ ಮಧ್ಯಾಹ್ನ ಇರುವುದಿಲ್ಲ. ನಿಂತಲ್ಲಿ ನಿಲ್ಲದ ಗುಂಡಿಯನ್ನು ಕೈ ಕಲಿಯುವುದು ಹೇಗೆ?

ಇದಕ್ಕೆ ಪರಿಹಾರ ಸುಲಭದ್ದು. ಕೆಳಗಿನ ಪಟ್ಟಿಯ ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿ ಒತ್ತಿ, ಟಾಸ್ಕ್‌ಬಾರ್ ಸೆಟ್ಟಿಂಗ್ಸ್ ಆರಿಸಿಕೊಳ್ಳಿ. ಅಲ್ಲಿ ಟಾಸ್ಕ್‌ಬಾರ್ ಬಿಹೇವಿಯರ್ಸ್ ಎಂಬ ಭಾಗವಿದೆ. ಅದರೊಳಗೆ ಅಲೈನ್‌ಮೆಂಟ್ ಎಂದಿರುವ ಕಡೆ ಸೆಂಟರ್ ಬದಲು ಲೆಫ್ಟ್ ಮಾಡಿ. ಗುಂಡಿ ಅದೇ ಕ್ಷಣ ಹಳೆಯ ಮೂಲೆಗೆ ಮರಳುತ್ತದೆ. ಹವಾಮಾನದ ಹಲಗೆ ಬೇಡವೆಂದರೆ ಅದೇ ಪುಟದಲ್ಲಿ ವಿಜೆಟ್ಸ್ ಎಂಬುದರ ಮುಂದಿನ ಸ್ವಿಚ್ ಆಫ್ ಮಾಡಿಬಿಡಿ. ಆ ರೈಟರಿಗೆ ಮಾಡಿಕೊಟ್ಟದ್ದು ಇಷ್ಟೇ. ಆಮೇಲೆ ಅವರು ಹುಡುಗರ ಮಾತೆತ್ತಲಿಲ್ಲ. ಬಟವಾಡೆಯ ಹಾಳೆ ಹೊತ್ತಿಗೆ ಸರಿಯಾಗಿ ಹೊರಬಂತು.

ಕಡತದ ಮೇಲೆ ಬಲಗುಂಡಿ ಒತ್ತಿದಾಗ ಬರುವ ಪಟ್ಟಿಯ ಬಗ್ಗೆಯೂ ತುಂಬಾ ಜನ ಕೇಳುತ್ತಾರೆ. ಮೊದಲು ಅದರಲ್ಲಿ ಕಟ್, ಕಾಪಿ, ಡಿಲೀಟ್ ಎಂಬ ಪದಗಳೇ ಇರುತ್ತಿದ್ದವು. ಹೊಸದರಲ್ಲಿ ಪಟ್ಟಿ ಮೊಟಕಾಯಿತು, ಆ ಪದಗಳ ಜಾಗಕ್ಕೆ ಪುಟ್ಟ ಚಿತ್ರಗಳು ಬಂದವು. ಕತ್ತರಿಯ ಚಿತ್ರ ಯಾರಿಗಾದರೂ ತಿಳಿಯುತ್ತದೆ. ಒಂದರ ಮೇಲೊಂದು ಇಟ್ಟ ಎರಡು ಹಾಳೆಗಳ ಚಿತ್ರ ಕಾಪಿಯೋ, ಮತ್ತೊಂದೋ ಎಂದು ತಿಳಿಯಲು ಯೋಚಿಸಬೇಕಾಗುತ್ತದೆ. ಬಳಕೆದಾರರ ದೂರು ಹೆಚ್ಚಾದ ಮೇಲೆ, ನಂತರದ ಆವೃತ್ತಿಗಳಲ್ಲಿ ಚಿತ್ರಗಳ ಜೊತೆ ಹೆಸರನ್ನೂ ಸೇರಿಸಿದ್ದಾರೆ. ಹಳೆಯ ಉದ್ದನೆಯ ಪಟ್ಟಿಯೇ ಬೇಕಾದರೆ ಕೊನೆಯಲ್ಲಿರುವ ಶೋ ಮೋರ್ ಆಪ್ಷನ್ಸ್ ಒತ್ತಿ. ಕಡತವನ್ನು ಆರಿಸಿ ಶಿಫ್ಟ್ ಮತ್ತು ಎಫ್ 10 ಕೀಲಿಗಳನ್ನು ಒಟ್ಟಿಗೆ ಒತ್ತಿದರೂ ಅದೇ ಪಟ್ಟಿ ಬರುತ್ತದೆ.

ನಾನು ಹೆಚ್ಚು ಹೊತ್ತು ಕಲಿಸುವುದು ಕೀಲಿಮಣೆಯನ್ನು. ಪರದೆಯ ಮೇಲೆ ಏನೇ ಸ್ಥಳ ಬದಲಿಸಲಿ, ಬೆರಳಿನ ಕೆಳಗಿನ ಕೀಲಿಗಳು ಕದಲುವುದಿಲ್ಲ. ಕಟ್, ಕಾಪಿ, ಪೇಸ್ಟ್ ಎಂಬ ವಿಧಾನವನ್ನು 1970ರ ದಶಕದಲ್ಲಿ ಜೆರಾಕ್ಸ್ ಸಂಸ್ಥೆಯ ಸಂಶೋಧನಾ ಕೇಂದ್ರದಲ್ಲಿ ಲ್ಯಾರಿ ಟೆಸ್ಲರ್ ತಮ್ಮ ಸಹೋದ್ಯೋಗಿಯ ಜೊತೆ ಸೇರಿ ರೂಪಿಸಿದರು. ಅದಕ್ಕಾಗಿ ಇವತ್ತು ನಾವು ಬಳಸುವ ಎಕ್ಸ್, ಸಿ, ವಿ ಅಕ್ಷರಗಳು ಎಂಬತ್ತರ ದಶಕದಿಂದ ಹಾಗೆಯೇ ಉಳಿದುಕೊಂಡು ಬಂದಿವೆ. ಎಷ್ಟು ವಿನ್ಯಾಸಗಳು ಬಂದು ಹೋದವು, ಕಂಟ್ರೋಲ್ ಸಿ ಒತ್ತಿದರೆ ಇವತ್ತಿಗೂ ಪ್ರತಿಯಾಗುತ್ತದೆ. ಸ್ಟಾರ್ಟ್ ಗುಂಡಿ ಎಲ್ಲೇ ಇರಲಿ, ಕೀಲಿಮಣೆಯ ವಿಂಡೋಸ್ ಕೀಲಿ ಒತ್ತಿ ಎಕ್ಸೆಲ್ ಎಂಬುದರ ಮೊದಲ ಎರಡು ಇಂಗ್ಲಿಷ್ ಅಕ್ಷರ ಟೈಪ್ ಮಾಡಿದರೆ ಎಕ್ಸೆಲ್ ಕಣ್ಣ ಮುಂದೆ ಬರುತ್ತದೆ. ವಿಂಡೋಸ್ ಮತ್ತು ಇ ಒತ್ತಿದರೆ ಕಡತಗಳ ಕಪಾಟು ತೆರೆಯುತ್ತದೆ. ಆಲ್ಟ್ ಮತ್ತು ಟ್ಯಾಬ್ ಒತ್ತಿದರೆ ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗಬಹುದು.

ಕನ್ನಡ ಟೈಪಿಂಗ್ ಮಾಡುವವರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ನುಡಿ ತಂತ್ರಾಂಶದ ಮೂಲಕ ಕಲಿತವರು ಯಾವ ವಿಂಡೋಸ್ ಬಂದರೂ ಅದೇ ಬೆರಳುಗಳಿಂದ ಬರೆಯುತ್ತಾರೆ. ಮದುವೆಯ ಕರೆಯೋಲೆ ಅಚ್ಚು ಹಾಕುವ ಅಂಗಡಿಗಳಲ್ಲಿ ಇದನ್ನು ದಿನವೂ ಕಾಣಬಹುದು. ಅವರು ಗಮನಿಸಬೇಕಾದದ್ದು ಒಂದೇ. ಹಳೆಯ ನುಡಿ ಅಕ್ಷರಶೈಲಿಯಲ್ಲಿ, ಎಲ್ಲ ಯಂತ್ರಗಳಿಗೂ ಅರ್ಥವಾಗುವ ಯೂನಿಕೋಡ್ ಪದ್ಧತಿ ಬಳಸದೆ ಮಾಡಿಟ್ಟ ಕಡತಗಳು ಹೊಸ ಯಂತ್ರದಲ್ಲಿ ಅಕ್ಷರಶೈಲಿ ಇಲ್ಲದೆ ತೆರೆದರೆ ಅರ್ಥವಾಗದ ಗುರುತುಗಳ ರಾಶಿಯಾಗಿ ಕಾಣುತ್ತವೆ. ಕಡತ ಹಾಳಾಗಿರುವುದಿಲ್ಲ. ನುಡಿಯನ್ನು ಮತ್ತೆ ಅಳವಡಿಸಿದರೆ ಅಕ್ಷರಗಳು ಮೂಡುತ್ತವೆ. ಭಯಬಿದ್ದು ಅಳಿಸಿಬಿಡಬೇಡಿ.

ಈ ಬದಲಾವಣೆಗಳನ್ನು ಕಂಪನಿಗಳು ಏಕೆ ಮಾಡುತ್ತವೆ? ಬಹಳ ಸಲ ಕಾರಣ ನಮ್ಮ ಮೇಜಿನ ಮೇಲೆ ಇರುವುದೇ ಇಲ್ಲ. 2010ರಲ್ಲಿ ಐಪ್ಯಾಡ್ ಬಂದು, ಬೆರಳಿನಿಂದ ಮುಟ್ಟುವ ಪರದೆಗಳ ಅಲೆ ಎದ್ದಿತು. 2012ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 8 ಆ ಅಲೆಗಾಗಿಯೇ ಹೊಲಿದ ಬಟ್ಟೆಯಂತಿತ್ತು. ಮೌಸ್ ಹಿಡಿದು ಕೂತ ಕೋಟ್ಯಂತರ ಜನರ ಪರದೆಯಿಂದ ಸ್ಟಾರ್ಟ್ ಗುಂಡಿ ಕಾಣೆಯಾದದ್ದು ಆಗಲೇ. ಜನ ಸುಮ್ಮನಿರಲಿಲ್ಲ. ಒಂದು ವರ್ಷದಲ್ಲಿ 8.1 ಬಂದಾಗ ಗುಂಡಿ ಮರಳಿತು, 2015ರ ವಿಂಡೋಸ್ 10ರಲ್ಲಿ ಅದರ ಪಟ್ಟಿಯೂ ಮರಳಿತು. ಈಗಿನ ನಡುಭಾಗದ ಗುಂಡಿಯ ಕಥೆಯೂ ಬೇರೆಯಲ್ಲ. ಎರಡು ಪರದೆಯ ಮಡಚುವ ಯಂತ್ರಗಳಿಗಾಗಿ ವಿಂಡೋಸ್ 10ಎಕ್ಸ್ ಎಂಬುದನ್ನು ರೂಪಿಸಲಾಗಿತ್ತು. ನಡುವೆ ಜೋಡಿಸಿದ ಪಟ್ಟಿಯನ್ನು ಮೊದಲು ಅದರಲ್ಲಿ ತೋರಿಸಿದ್ದರು. 2021ರಲ್ಲಿ ಅದನ್ನು ಕೈಬಿಟ್ಟರು, ಆದರೆ ಆ ಜೋಡಣೆ ವಿಂಡೋಸ್ 11ಕ್ಕೆ ದಾಟಿಕೊಂಡು ಬಂತು.

ವಿಂಡೋಸ್ ಬದಲು ಬಳಸಬಹುದಾದ ಲಿನಕ್ಸ್ ವ್ಯವಸ್ಥೆಯ ಬಳಗದಲ್ಲೂ ಇಂಥದ್ದು ನಡೆದಿದೆ. 2011ರಲ್ಲಿ ಗ್ನೋಮ್ ಎಂಬ ಪರದೆ ವ್ಯವಸ್ಥೆಯ ಮೂರನೆಯ ಆವೃತ್ತಿ ಪೂರ್ತಿ ಬೇರೆ ರೂಪದಲ್ಲಿ ಬಂತು. ಅದು ಇಷ್ಟವಾಗದವರು ಎರಡನೆಯ ಆವೃತ್ತಿಯ ಮೂಲ ಸಂಕೇತಗಳನ್ನೇ, ಅಂದರೆ ಸೋರ್ಸ್ ಕೋಡನ್ನೇ ತೆಗೆದುಕೊಂಡು ಮಾಟೆ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಅದು ಈಗಲೂ ಬಳಕೆಯಲ್ಲಿದೆ. ಸಂಕೇತ ಎಲ್ಲರಿಗೂ ತೆರೆದಿರುವುದರಿಂದ ಇದು ಸಾಧ್ಯವಾಯಿತು. ವಿಂಡೋಸ್ 11 ಹಾಕಲು ಬಾರದ ಹಳೆಯ ಯಂತ್ರವಿದ್ದು, ಪತ್ರ ಬರೆಯುವುದು, ಲೆಕ್ಕದ ಹಾಳೆ, ಅಂತರಜಾಲ ಇಷ್ಟೇ ಕೆಲಸವಿದ್ದರೆ ಲಿನಕ್ಸಿನ ಒಂದು ರೂಪವಾದ ಲಿನಕ್ಸ್ ಮಿಂಟ್ ಹಾಕಿಸಿ ನೋಡಿ. ಹಣ ಕೊಡಬೇಕಿಲ್ಲ. ಅದರ ಪಟ್ಟಿಯ ಗುಂಡಿ ಎಡ ಕೆಳಮೂಲೆಯಲ್ಲಿಯೇ ಇದೆ. ಆದರೆ ನಿಮ್ಮ ಲೆಕ್ಕಪತ್ರದ ತಂತ್ರಾಂಶ ಅದರಲ್ಲಿ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ತೋಟದ ಮಾಲೀಕರಿಗೂ ಸಂಘಗಳ ಕಾರ್ಯದರ್ಶಿಗಳಿಗೂ ಒಂದು ಮಾತು. ಯಂತ್ರ ಬದಲಿಸುವ ಕಾಲವನ್ನು ದಯವಿಟ್ಟು ನೋಡಿಕೊಂಡು ಆರಿಸಿ. ಅರೇಬಿಕಾ ಕೊಯ್ಲು ನವೆಂಬರಿನಿಂದ, ಅದರ ಬೆನ್ನಿಗೇ ರೋಬಸ್ಟಾ. ಆ ತಿಂಗಳುಗಳಲ್ಲಿ ತೂಕ, ಕೂಲಿ, ಲಾರಿ ಎಂದು ರೈಟರಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಮಾರ್ಚ್ ವರ್ಷಾಂತ್ಯದ ಲೆಕ್ಕಕ್ಕೆ ಹೋಗುತ್ತದೆ. ಜೂನ್ ನಂತರ ಮಳೆ ಹಿಡಿದರೆ ಮಲೆನಾಡಿನಲ್ಲಿ ವಿದ್ಯುತ್ತು ಯಾವಾಗ ಹೋಗುತ್ತದೆಂದು ಹೇಳಲಾಗದು, ಹೊಸ ವ್ಯವಸ್ಥೆ ಅಳವಡಿಸುವಾಗ ನಡುವೆ ಕರೆಂಟು ಹೋದರೆ ಯಂತ್ರ ಮತ್ತೆ ತೆರೆಯದಿರಬಹುದು. ಹೂಮಳೆ ಬಿದ್ದ ಮೇಲಿನ ಏಪ್ರಿಲ್, ಮೇ ತಿಂಗಳು ಇದಕ್ಕೆ ಒಳ್ಳೆಯ ಕಾಲ. ಹಳೆಯ ಯಂತ್ರವನ್ನು ತಕ್ಷಣ ಎತ್ತಿಡಬೇಡಿ. ಎರಡೂ ಪಕ್ಕಪಕ್ಕದಲ್ಲಿ ಕೆಲವು ವಾರ ಇರಲಿ, ಬಟವಾಡೆ ಹಳೆಯದರಲ್ಲಿ ನಡೆಯಲಿ, ಕಲಿಕೆ ಹೊಸದರಲ್ಲಿ ಸಾಗಲಿ. ಕಲಿಯುವ ಹೊತ್ತೂ ಕೆಲಸದ ಹೊತ್ತೇ. ರೈಟರನ್ನು ಸಂಜೆ ಉಳಿಸಿಕೊಂಡು ಕಲಿಸುವುದು ನ್ಯಾಯವಲ್ಲ.

ಒಂದೇ ಯಂತ್ರವನ್ನು ಇಬ್ಬರು ಮೂವರು ಬಳಸುವ ಕಚೇರಿಗಳಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಬಳಕೆದಾರ ಖಾತೆ ಮಾಡಿಕೊಡಿ. ಗುಂಡಿ ಎಡಕ್ಕಿರಬೇಕೋ ನಡುವೆ ಇರಬೇಕೋ, ಅಕ್ಷರ ಎಷ್ಟು ದೊಡ್ಡದಿರಬೇಕು ಎಂಬ ಆಯ್ಕೆಗಳು ಆಯಾ ಖಾತೆಯಲ್ಲೇ ಉಳಿಯುತ್ತವೆ. ಹೊಸದಾಗಿ ಸೇರಿದ ಹುಡುಗಿಗೆ ನಡುವಿನ ಗುಂಡಿಯೇ ಹಿತವೆನಿಸಿದರೆ ಅವಳು ಹಾಗೆಯೇ ಇಟ್ಟುಕೊಳ್ಳಲಿ, ರೈಟರು ತಮ್ಮ ಮೂಲೆಯಲ್ಲೇ ಇಟ್ಟುಕೊಳ್ಳಲಿ. ಖಾತೆ ತೆರೆಯುವ ಜಾಗ ಸೆಟ್ಟಿಂಗ್ಸ್ ಒಳಗಿನ ಅಕೌಂಟ್ಸ್ ವಿಭಾಗದಲ್ಲಿದೆ.

ನಮಸ್ಕಾರ.