ಮಳೆತೋಟ ಮಾಡಿದರೆ ಸೊಳ್ಳೆ ಬರುವುದಿಲ್ಲವೇ?

ನಮಸ್ಕಾರ. ಕಳೆದ ಸಂಚಿಕೆಯಲ್ಲಿ ಮಳೆತೋಟದ ಹೆಸರೆತ್ತಿದ್ದೇ ತಡ, ವೀಕ್ಷಕರು ಮುಗಿಬಿದ್ದು ಕೇಳಿದ್ದು ಒಂದೇ ಮಾತು: "ಮನೆಯ ಮುಂದೆ ತಗ್ಗು ಮಾಡಿ ನೀರು ಬಿಡಿ ಎನ್ನುತ್ತೀರಲ್ಲ, ಡೆಂಗಿ ಬಂದರೆ ಆಸ್ಪತ್ರೆಯ ಬಿಲ್ ನೀವು ಕಟ್ಟುತ್ತೀರಾ?"

ಉತ್ತರಕ್ಕೆ ಮುಂಚೆ ಪೀಠಿಕೆಯನ್ನು ಬೇಗ ಮುಗಿಸುತ್ತೇನೆ. ಚಾವಣಿಯ ನೀರನ್ನು ಚರಂಡಿಗೆ ಬಿಡದೆ, ಅಂಗಳದಲ್ಲಿ ಅರ್ಧ ಅಡಿ ಆಳದ ತಗ್ಗಿಗೆ ತಿರುಗಿಸಿ ಅಲ್ಲಿ ಗಿಡ ನೆಟ್ಟರೆ ಅದು ಮಳೆತೋಟ. 1990ರ ದಶಕದಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಸಾಮರ್ಸೆಟ್ ಎಂಬ ಬಡಾವಣೆಯಲ್ಲಿ ಮನೆಮನೆಗೂ ಇಂಥ ತೋಟ ಮಾಡಿದ ಮೇಲೆ ಇದು ಹೆಸರಾಯಿತು. ನೂರು ಚದರ ಮೀಟರ್ ಚಾವಣಿಯ ಮೇಲೆ 10 ಮಿಲಿಮೀಟರ್ ಮಳೆ ಸುರಿದರೆ ಸಾವಿರ ಲೀಟರ್ ನೀರು. ಬೆಂಗಳೂರಿನ ಮೇ ತಿಂಗಳ ಒಂದು ಸಂಜೆಗೆ ಇದು ಯಾವ ಲೆಕ್ಕ!

ಈಗ ಸೊಳ್ಳೆಗೆ ಬರೋಣ. ಇದನ್ನು ಓಟದ ಪಂದ್ಯ ಎಂದುಕೊಳ್ಳಿ. ಒಂದು ಕಡೆ ಸೊಳ್ಳೆ, ಇನ್ನೊಂದು ಕಡೆ ಮಣ್ಣು. ಮೊಟ್ಟೆಯೊಡೆದು, ತೊಟ್ಟಿಯ ನೀರಿನಲ್ಲಿ ಬಳುಕುತ್ತದಲ್ಲ ಆ ಮರಿಹುಳುವಾಗಿ, ರೆಕ್ಕೆ ಬಲಿತು ಹಾರುವುದಕ್ಕೆ ಬೆಚ್ಚನೆಯ ಹವೆಯಲ್ಲೂ ಸೊಳ್ಳೆಗೆ ಸುಮಾರು ಒಂದು ವಾರ ನಿಂತ ನೀರು ಬೇಕು. ಸರಿಯಾಗಿ ಮಾಡಿದ ಮಳೆತೋಟದಲ್ಲಿ ನೀರು ಒಂದು ದಿನದೊಳಗೆ, ಹೆಚ್ಚೆಂದರೆ ಎರಡು ದಿನದೊಳಗೆ ಇಂಗಿರುತ್ತದೆ. ಮರಿಹುಳು ಅರ್ಧ ದಾರಿಯನ್ನೂ ಮುಟ್ಟುವ ಮೊದಲೇ ಮಣ್ಣು ಗೆದ್ದಿರುತ್ತದೆ.

ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಷ್ಟವಾದದ್ದು ಟೈರು, ತೆಂಗಿನ ಚಿಪ್ಪು, ಮುಚ್ಚದ ಡ್ರಮ್ಮು, ಹೂಕುಂಡದ ಕೆಳಗಿನ ತಟ್ಟೆ. ಅದರ ಮೊಟ್ಟೆ ಒಣಗಿದ ಮೇಲೂ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮತ್ತೆ ನೀರು ಬಿದ್ದಾಗ ಮರಿಯಾಗುತ್ತದೆ. ಹಾಗಾಗಿ ಆ ತಟ್ಟೆಯ ನೀರು ಚೆಲ್ಲಿದರೆ ಸಾಲದು, ಅಂಚನ್ನು ಉಜ್ಜಿ ತೊಳೆಯಬೇಕು. ಬಾಲ್ಕನಿಯಲ್ಲಿ ಸಾಲಾಗಿ ತಟ್ಟೆಗಳನ್ನಿಟ್ಟುಕೊಂಡು ಮಳೆತೋಟದ ಮೇಲೆ ದೂರು ಹೇಳುವವರಿಗೆ ನನ್ನ ನಮಸ್ಕಾರ.

ಆದರೆ ನಿಮ್ಮ ಮಣ್ಣು ಓಡಬಲ್ಲದೇ? ಅದನ್ನು ನೋಡದೆ ಗಿಡ ತರಬೇಡಿ.

(ಪರದೆಯ ಮೇಲೆ: ಗುಂಡಿಯಲ್ಲಿ ನಿಲ್ಲಿಸಿದ ಅಳತೆಪಟ್ಟಿ)

ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ. ಅದು ಪೂರ್ತಿ ಇಂಗಲಿ. ಮತ್ತೆ ತುಂಬಿಸಿ, ಈಗ ಗಂಟೆಗೆ ಎಷ್ಟು ಇಳಿಯುತ್ತದೆ ಎಂದು ಅಳೆಯಿರಿ. ಮೊದಲ ಸಲದ ಅಳತೆಯನ್ನು ನಂಬಬೇಡಿ. ಒಣಮಣ್ಣು ನೀರನ್ನು ಗಟಗಟನೆ ಕುಡಿದು ನಮ್ಮನ್ನು ಮೋಸಗೊಳಿಸುತ್ತದೆ. ಗಂಟೆಗೆ ಅರ್ಧ ಇಂಚು ಇಳಿದರೂ ಆರು ಇಂಚು ನೀರು ಹನ್ನೆರಡು ಗಂಟೆಯಲ್ಲಿ ಮಾಯ. ಇಳಿಯದೆ ನಿಂತರೆ ಆ ಜಾಗ ಬಿಡಿ. ಎರೆಮಣ್ಣಿನ ಸೀಮೆಯವರು ಈ ಪರೀಕ್ಷೆಯನ್ನು ತಪ್ಪಿಸಲೇಬಾರದು.

ಸಮಯ ಓಡುತ್ತಿದೆ, ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ತಳ ಸಮತಟ್ಟಾಗಿರಲಿ. ನಡುವೆ ನೀರನ್ನೂ ಬರವನ್ನೂ ತಾಳುವ ಲಾವಂಚ, ಅಂಚಿನಲ್ಲಿ ನಿಂಬೆಹುಲ್ಲು. ಲಾವಂಚದ ಬೇರು ನೇರವಾಗಿ ಕೆಳಕ್ಕಿಳಿದು ನೀರಿಗೆ ದಾರಿ ಮಾಡಿಕೊಡುತ್ತದೆ. ಮನೆಯ ಪಾಯದಿಂದ ಹತ್ತು ಅಡಿ ದೂರವಿರಲಿ. ಮೂವತ್ತು ನಲವತ್ತರ ಸೈಟಿನಲ್ಲಿ ಕಾಂಪೌಂಡಿನವರೆಗೂ ಟೈಲ್ಸ್ ಹಾಸಿದವರು ಈಗ ನಗುತ್ತಿರಬಹುದು. ಅವರಿಗೆ ಬಡಾವಣೆಯ ಪಾರ್ಕಿನ ಮೂಲೆಯೇ ಗತಿ, ಅದಕ್ಕೆ ಸಂಘದ ಒಪ್ಪಿಗೆ ಬೇಕು. ಸಭೆಯಲ್ಲಿ ಭಾಷಣ ಮಾಡುವ ಬದಲು ಒಂದು ಭಾನುವಾರ ಎಲ್ಲರ ಎದುರಿಗೇ ಗುಂಡಿ ಪರೀಕ್ಷೆ ಮಾಡಿ. ಅಳತೆಪಟ್ಟಿ ಹಿಡಿಯುವ ಕೆಲಸವನ್ನು ಅತಿ ಹೆಚ್ಚು ವಿರೋಧಿಸುವವರಿಗೇ ಕೊಡಿ.

ಕೊನೆಯದು, ದೊಡ್ಡ ಮಳೆಗೆ ತೋಟ ಉಕ್ಕಿಯೇ ಉಕ್ಕುತ್ತದೆ. ಹೆಚ್ಚಾದ ನೀರು ರಸ್ತೆಬದಿಯ ಮಳೆನೀರಿನ ಕಾಲುವೆಗೆ ಹೋಗುವಂತೆ ಒಂದು ಕಡೆ ಅಂಚನ್ನು ತಗ್ಗಿಸಿಡಿ. ಪಕ್ಕದ ಮನೆಯ ಕಡೆಗೆ ತಗ್ಗಿಸಿದರೆ ಮಳೆತೋಟದ ವಿಷಯ ಇಡೀ ಬೀದಿಗೆ ತಾನಾಗಿಯೇ ಹರಡುತ್ತದೆ, ನನ್ನ ವಿಡಿಯೋ ಬೇಕಾಗುವುದಿಲ್ಲ.