ನರ ವೈರಲ್ಲ ಮಾರಾಯ್ರೆ, ಒಳ್ಳೆಮೆಣಸಿನ ಬಳ್ಳಿ

ನಮಸ್ಕಾರ. ಕುಂಬಳೆ, ಬದಿಯಡ್ಕ, ಪೆರ್ಲ, ಮಂಜೇಶ್ವರ, ಎಲ್ಲಿಂದ ಕೇಳ್ತಿದ್ದರೂ ನಮಸ್ಕಾರ. ಇವತ್ತು ಸ್ವಲ್ಪ ಬಿಸಿ ಉಂಟು. ಕಳೆದ ಸಂಚಿಕೆಯ ಕೆಳಗೆ ಒಬ್ಬರು ಬರೆದಿದ್ದಾರೆ: ‘ಕೈಯ ನರ ತುಂಡಾದರೆ ಈಗ ಹೆದರುದು ಎಂತಕ್ಕೆ? ಟ್ಯೂಬ್ ಹಾಕ್ತಾರೆ, ಸ್ಟೆಮ್ ಸೆಲ್ ಬಿಡ್ತಾರೆ, ವೈರ್ ಜೋಡಿಸಿದ ಹಾಗೆ, ವಾರದಲ್ಲಿ ಸರಿ.’ ಅದಕ್ಕೆ ಹೆಬ್ಬೆರಳುಗಳ ಸಾಲು ಬೇರೆ. ಆ ಹೆಬ್ಬೆರಳು ಎತ್ತಿಸುದು ರೇಡಿಯಲ್ ನರ ಸ್ವಾಮೀ. ಅದು ತುಂಡಾದರೆ ಲೈಕ್ ಒತ್ತಲಿಕ್ಕೂ ಇನ್ನೊಂದು ಕೈ ಬೇಕು.

ನರ ವೈರಲ್ಲ. ವೈರಾದರೆ ಎರಡು ಕೊನೆ ಸುಲಿದು, ತಿರುಚಿ, ಟೇಪ್ ಸುತ್ತಿದರೆ ಬಲ್ಬ್ ಉರಿಯುತ್ತದೆ. ನರ ಅಂದರೆ ಅಡಕೆ ಮರಕ್ಕೆ ಹಬ್ಬಿದ ಒಳ್ಳೆಮೆಣಸಿನ ಬಳ್ಳಿ. ಬುಡದಿಂದ ಎರಡಡಿ ಮೇಲೆ ಕಡಿದರೆ ಮೇಲಿನದೆಲ್ಲ ಒಣಗಿತು, ಅಲ್ವಾ? ಕೈಯ ನರದ ಬುಡ ಇರುದು ಬೆನ್ನುಹುರಿಯಲ್ಲಿ, ಅದರ ಪಕ್ಕದ ಗಂಟುಗಳಲ್ಲಿ. ಮಣಿಕಟ್ಟಿನಲ್ಲಿ ತುಂಡಾದರೆ ಅಲ್ಲಿಂದ ಬೆರಳ ತುದಿವರೆಗಿನ ಎಳೆಗಳೆಲ್ಲ ಸಾಯ್ತವೆ. ಎಷ್ಟು ಚಂದ ಹೊಲಿದರೂ ಸಾಯ್ತವೆ. ಆಗಸ್ಟಸ್ ವಾಲರ್ ಎಂಬ ಬ್ರಿಟಿಷ್ ವಿಜ್ಞಾನಿ 1850ರಲ್ಲೇ ಕಪ್ಪೆಯ ನಾಲಿಗೆಯ ನರ ಕಡಿದು ಇದನ್ನು ತೋರಿಸಿ ಆಗಿದೆ. ಉಳಿಯುದು ಆಧಾರದ ಮರ ಮಾತ್ರ, ಅಂದರೆ ಎಳೆಗಳನ್ನು ಸುತ್ತಿಕೊಂಡಿದ್ದ ಶ್ವಾನ್ ಕೋಶಗಳ ಸಾಲು. ಬುಡದಿಂದ ಹೊಸ ಚಿಗುರು ಬಂದು ಆ ಸಾಲನ್ನು ಹಿಡಿದು ಹತ್ತಬೇಕು. ದಿನಕ್ಕೆ ಸುಮಾರು 1 ಮಿಲಿಮೀಟರ್. ‘ಬಳ್ಳಿಯ ತುಂಡು ನೆಟ್ಟರೂ ಚಿಗುರ್ತದಲ್ಲ?’ ಅಂತ ಯಾರೋ ಕೇಳ್ತೀರಿ. ಬಳ್ಳಿಗೆ ಗಂಟುಗಂಟಿಗೆ ಬೇರು ಉಂಟು, ನರಕ್ಕಿಲ್ಲ. ಕೂತ್ಕೊಳ್ಳಿ.

ಈಗ ಹೊಲಿಗೆ. ಮೈಕ್ರೋಸ್ಕೋಪಿನ ಕೆಳಗೆ, 9-0 ಅಳತೆಯ ನೈಲಾನ್ ನೂಲು, ದಪ್ಪ ಸುಮಾರು 0.03 ಮಿಲಿಮೀಟರ್, ತಲೆಗೂದಲಿಗಿಂತ ತೆಳು. ಹೊರಗಿನ ಪೊರೆಗೆ ಮಾತ್ರ ಹಾಕುದು. ಜಜ್ಜಿದ ಕೊನೆಯನ್ನು ಒಳ್ಳೆಯ ಎಳೆ ಕಾಣುವವರೆಗೆ ಕೊಯ್ದು ತೆಗಿಬೇಕು, ಇಲ್ಲದಿದ್ದರೆ ನಡುವೆ ಗಾಯದ ಗಂಟು ಕಟ್ಟಿ ಚಿಗುರು ಅಲ್ಲೇ ಸುರುಳಿ ಸುತ್ತಿ ಕೂರ್ತದೆ, ಮುಟ್ಟಿದರೆ ಶಾಕ್. ಕೊಯ್ದಷ್ಟು ಅಂತರ ಹೆಚ್ಚು. ಎಳೆದು ಕಟ್ಟುವ ಅಂತೀರಾ? ಮೊಲದ ನರದಲ್ಲಿ ನೋಡಿ ಆಗಿದೆ: ಶೇಕಡಾ 8 ಎಳೆದರೆ ಒಳಗಿನ ರಕ್ತದ ಹರಿವು ಕುಗ್ತದೆ, 15 ಆದರೆ ನಿಂತೇ ಹೋಗ್ತದೆ. ವೈರ್‌ಗೆ ರಕ್ತ ಬೇಡ. ಬಳ್ಳಿಗೆ ನೀರು ಬೇಕು!

ಹಾಗಾಗಿ ಅಂತರಕ್ಕೆ ಸೇತುವೆಯ ಹಾಗೆ ಟ್ಯೂಬ್. ಟಿಶ್ಯೂ ಎಂಜಿನಿಯರಿಂಗ್, ಅಂದರೆ ದೇಹದ ಭಾಗ ಹೊರಗೆ ಕಟ್ಟುವ ವಿದ್ಯೆ, ಅಂತ ಹೆಸರು ದೊಡ್ಡದು, ಸಿಗುವ ಹೆಚ್ಚಿನ ಟ್ಯೂಬ್ ಒಳಗೆ ಖಾಲಿ. ಕೊಲಾಜನ್ ಎಂಬ ಪ್ರೋಟೀನಿನ ಟ್ಯೂಬಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2001ರಲ್ಲಿ. ಎರಡೂ ಕೊನೆಗಳನ್ನು 2 ಮಿಲಿಮೀಟರಿನಷ್ಟು ಒಳಗೆ ತೂರಿಸಿ, ಒಂದೊಂದು ಹೊಲಿಗೆ ಹಾಕಿ, ಒಳಗೆ ಸಲೈನ್ ತುಂಬಿಸ್ತಾರೆ. ಗಾಳಿಗುಳ್ಳೆ ಇರಬಾರದು, ರಕ್ತ ಹೆಪ್ಪುಗಟ್ಟಬಾರದು. ಆಮೇಲೆ ಕೊನೆಗಳಿಂದ ಒಸರಿದ ದ್ರವದಲ್ಲಿ ಫೈಬ್ರಿನ್ ಎಂಬ ಪ್ರೋಟೀನಿನ ಹಗ್ಗ ಕಟ್ಟಿಕೊಳ್ತದೆ, ಅದರ ಮೇಲೆ ಶ್ವಾನ್ ಕೋಶ ನಡೀತದೆ, ಅದರ ಹಿಂದೆ ಚಿಗುರು. ಟ್ಯೂಬ್ ಬಿಗಿಯಾದರೆ ನರ ಊದಿ ಹಿಸುಕಿ ಹೋಗ್ತದೆ. ಅಂತರ ಉದ್ದವಾದರೆ ಹಗ್ಗ ನಡುವಿನಲ್ಲಿ ಸೊಂಟ ಕಟ್ಟಿ ಸಪೂರ ಆಗ್ತದೆ, ಕೆಲವೊಮ್ಮೆ ಕಟ್ಟುದೇ ಇಲ್ಲ. ಡಬ್ಬದ ಮೇಲೆ 3 ಸೆಂಟಿಮೀಟರ್ ಅಂತ ಬರೆದಿರಬಹುದು. ಬೆರಳಿನ ಸಣ್ಣ ಸ್ಪರ್ಶದ ನರದಲ್ಲಿ 1 ಸೆಂಟಿಮೀಟರಿನೊಳಗೆ ನಂಬಬಹುದು. ಅದಕ್ಕಿಂತ ದೊಡ್ಡದಕ್ಕೆ ಇವತ್ತಿಗೂ ಹೆಚ್ಚಾಗಿ ಕಾಲಿನ ಸೂರಲ್ ನರವನ್ನೇ ತೆಗೆದು ನೆಡುದು. ಪಾದದ ಹೊರ ಅಂಚು ಮರಗಟ್ತದೆ, ಅದೇ ಬಾಡಿಗೆ.

ಮಧ್ಯದಲ್ಲಿ ಒಂದು ಮಾತು: ಚಾನೆಲ್ ಸಬ್‌ಸ್ಕ್ರೈಬ್ ಮಾಡಿ. ಗಂಟೆ ಒತ್ತಿ. ಅದು ಮಾತ್ರ ವೈರಿನಲ್ಲೇ ನಡಿಯುದು.

‘ಖಾಲಿ ಟ್ಯೂಬಿಗೆ ಕೋಶ ತುಂಬಿಸಿದರೆ?’ ಶ್ವಾನ್ ಕೋಶ ಬೇಕಾದರೆ ನಿಮ್ಮದೇ ಇನ್ನೊಂದು ನರ ಕೊಯ್ಯಬೇಕು, ವಾರಗಟ್ಟಲೆ ಬೆಳೆಸಬೇಕು, ನಡುವೆ ಫೈಬ್ರೊಬ್ಲಾಸ್ಟ್ ಎಂಬ ಬೇರೆ ಜಾತಿಯ ಕೋಶ ಕಳೆಯ ಹಾಗೆ ನುಗ್ತದೆ. ಕೊಯ್ಯುದೇ ಆದರೆ ಆ ನರವನ್ನೇ ನೆಡಬಹುದಿತ್ತಲ್ಲ! ಸ್ಟೆಮ್ ಸೆಲ್ ಇಂಜೆಕ್ಷನಿನ ವಾಟ್ಸಾಪ್ ಫಾರ್ವರ್ಡ್ ಕಳಿಸಿದವರೇ, ಐಸಿಎಂಆರ್‌ನ, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ, 2017ರ ಮಾರ್ಗಸೂಚಿ ಓದಿ. ರಕ್ತದ ಕಾಯಿಲೆಗಳಂಥವಕ್ಕೆ ಮಾಡುವ ಕಸಿ ಬಿಟ್ಟರೆ ಉಳಿದದ್ದೆಲ್ಲ ಪ್ರಯೋಗ. ಪ್ರಯೋಗಕ್ಕೆ ದುಡ್ಡು ಕೇಳಿದರೆ ಎದ್ದು ಬನ್ನಿ.

ಈಗ ಲೆಕ್ಕ. ಮಣಿಕಟ್ಟಿನಿಂದ ಅಂಗೈಯ ಸ್ನಾಯುವಿಗೆ ಸುಮಾರು 10 ಸೆಂಟಿಮೀಟರ್, 100 ದಿನ, ಚಿಗುರೊಡೆಯಲಿಕ್ಕೆ ಇನ್ನೊಂದು ತಿಂಗಳು. ಸರಿ, ಕಾಯಬಹುದು. ಹೈವೇಯಲ್ಲಿ ಬೈಕಿನಿಂದ ಬಿದ್ದು ಭುಜದ ಹತ್ತಿರ ನರ ಹರಿದರೆ? ಅಂಗೈಗೆ 70 ಸೆಂಟಿಮೀಟರ್, 700 ದಿನ. ಸ್ನಾಯು ಕಾಯುದು 12ರಿಂದ 18 ತಿಂಗಳು. ಬಳ್ಳಿ ಮೇಲೆ ಮುಟ್ಟುವಾಗ ಮರವೇ ಬಿದ್ದಿದೆ! ಅದಕ್ಕೇ 1994ರಲ್ಲಿ ಓಬರ್ಲಿನ್ ಎಂಬ ಫ್ರೆಂಚ್ ಸರ್ಜನ್ ಹೇಳಿದ ದಾರಿ: ಕಿರುಬೆರಳಿನ ಕಡೆಗೆ ಹೋಗುವ ಅಲ್ನರ್ ನರದ ಒಂದು ಎಳೆ ಕದ್ದು ಅಲ್ಲೇ ಪಕ್ಕದಲ್ಲಿ ತೋಳಿನ ಬೈಸೆಪ್ಸ್ ಸ್ನಾಯುವಿಗೆ ಹೋಗುವ ನರದ ಕೊಂಬೆಗೆ ಹೊಲಿಯುದು. ಮೊಣಕೈ ಮಡಚಲಿಕ್ಕೆ ಆಗ್ತದೆ. ಟ್ಯೂಬ್ ಇಲ್ಲ, ಸೆಲ್ ಇಲ್ಲ.

ಮೆಟ್ಟುಗತ್ತಿಯಲ್ಲಿ ಅಡಕೆ ಸುಲಿಯುವಾಗ ಬೆರಳು ಕೊಯ್ದರೆ ಕಾಫಿಪುಡಿ ಮೆತ್ತಬೇಡಿ, ಬಟ್ಟೆ ಒತ್ತಿ ಹಿಡಿರಿ. ಮರಗಟ್ಟಿಸುವ ಇಂಜೆಕ್ಷನ್ ಚುಚ್ಚುವ ಮೊದಲು ಬೆರಳ ತುದಿಯ ಎರಡೂ ಬದಿ ಮುಟ್ಟಿಸಿ ನೋಡ್ಲಿಕ್ಕೆ ಹೇಳಿ, ಆಮೇಲೆ ಏನೂ ಗೊತ್ತಾಗುದಿಲ್ಲ. ಚೊಕ್ಕ ಕೊಯ್ತವಾದರೆ 3 ದಿನದೊಳಗೆ ಮಂಗಳೂರೋ ಎಲ್ಲಿಯೋ, ಕೈ ಸರ್ಜನ್ ಇದ್ದಲ್ಲಿಗೆ. ತುಂಡಾದದ್ದು ಸ್ನಾಯುವಿಗೆ ಹೋಗುವ ನರವಾದರೆ, ಅಷ್ಟರೊಳಗೆ ಕೆಳಗಿನ ಕೊನೆಗೆ ಕರೆಂಟ್ ಕೊಟ್ಟಾಗ ಸ್ನಾಯು ಇನ್ನೂ ಮಿಡುಕ್ತದೆ, ಯಾವುದು ಯಾವುದಕ್ಕೆ ಅಂತ ಸರ್ಜನಿಗೆ ಗೊತ್ತಾಗ್ತದೆ.

‘ಕರೆಂಟ್ ಅಂದಿರಿ, ಹಾಗಾದರೆ ವೈರೇ ಅಲ್ವಾ?’ ಅಂತ ಈಗ ಬರೀತೀರಿ. ಬರೀರಿ. ಅಲ್ಲ. ಬಳ್ಳಿ. ಬಳ್ಳಿ ಮಾರಾಯ್ರೆ, ಬಳ್ಳಿ! ಎಷ್ಟು ಸಲ ಹೇಳುದು? ಮಗ್ ಮೇಲೆ ಪ್ರಿಂಟ್ ಮಾಡಿಸ್ತೇನೆ, ‘ನರ ವೈರಲ್ಲ’ ಅಂತ, ಬೇಕಾದವರು ಮೆಸೇಜ್ ಮಾಡಿ. ಮುಂದಿನ ವಾರ ಬೆನ್ನುಹುರಿ. ಅದು ಬಳ್ಳಿಯೂ ಅಲ್ಲ, ಈಗಲೇ ಹೇಳಿದ್ದೇನೆ. ಮತ್ತೆ ಒಳ್ಳೆಮೆಣಸಿಗೆ ಈಗ ರೇಟ್ ಎಷ್ಟು ಅಂತ ಕೇಳುವವರು, ಅದಕ್ಕೆ ಬೇರೆ ಚಾನೆಲ್ ಉಂಟು.