ನಿಮ್ಮ ಇಎಸ್‌ಐ ಕಡಿತ ಯಾರ ಐಡಿಯಾ? ಸಮಾಜವಾದಿಗಳದ್ದಂತೂ ಅಲ್ಲ

[ಪರದೆ: ಪೇ ಸ್ಲಿಪ್, ಇಎಸ್‌ಐ ಸಾಲು ಹತ್ತಿರದಿಂದ]

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ 16,000 ರೂಪಾಯಿ ಸಂಬಳದ ಒಂದು ಕೆಲಸ ಅಂದ್ಕೊಳ್ಳಿ. ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐಗೆ ಶೇ. 0.75, ಅಂದ್ರೆ 120 ರೂಪಾಯಿ ಕಡಿತ. ಮಾಲೀಕರು ಶೇ. 3.25ರಂತೆ 520 ರೂಪಾಯಿ ಸೇರಿಸಿ ಕಟ್ಟಬೇಕು. ಇಬ್ಬರಿಂದಲೂ ವಂತಿಗೆ ಪಡೆದು ಚಿಕಿತ್ಸೆ ಕೊಡೋ ಈ ಪದ್ಧತಿಯನ್ನ ಇಡೀ ದೇಶಕ್ಕೆ ಮೊದಲು ಕಡ್ಡಾಯ ಮಾಡಿದ್ದು ಜರ್ಮನಿಯ ಚಾನ್ಸೆಲರ್ ಬಿಸ್ಮಾರ್ಕ್, ಅಪ್ಪಟ ಸಂಪ್ರದಾಯವಾದಿ.

1878ರಲ್ಲಿ ಸಮಾಜವಾದಿಗಳ ಸಭೆ, ಪತ್ರಿಕೆಗಳನ್ನ ನಿಷೇಧಿಸಿದ್ದೂ ಇದೇ ಬಿಸ್ಮಾರ್ಕ್. ನಿಷೇಧ ಒಂದೇ ಸಾಲದು, ಕಾರ್ಮಿಕರು ಸರ್ಕಾರದ ಋಣದಲ್ಲಿರಬೇಕು ಅನ್ನೋದು ಲೆಕ್ಕಾಚಾರ. ಹಾಗಾಗಿ 1883ರಲ್ಲಿ ಆರೋಗ್ಯ ವಿಮೆ, 1884ರಲ್ಲಿ ಅಪಘಾತ ವಿಮೆ, 1889ರಲ್ಲಿ 70 ದಾಟಿದವರಿಗೆ ಪಿಂಚಣಿ ಬಂತು. ಸರ್ಕಾರದ ಕೈ ಕಮ್ಮಿ ಇರಬೇಕು ಅನ್ನೋ ಎಡಪಂಥೀಯ ಉದಾರವಾದಿಗಳು ಇದನ್ನ ಸರ್ಕಾರಿ ಸಮಾಜವಾದ ಅಂತ ವಿರೋಧಿಸಿದ್ರು. ಸಮಾಜವಾದಿಗಳೂ ವಿರುದ್ಧವೇ ಮತ ಹಾಕಿದ್ರು!

[ಪರದೆ: ಮೂರು ಭಾಗದ ವೃತ್ತ, ಎರಡು ಭಾಗ ಕೆಂಪು]

ಲೆಕ್ಕ ತಪ್ಪಿದ್ದು ಇಲ್ಲಿ. ಆರೋಗ್ಯ ವಿಮೆಯ ವಂತಿಗೆಯಲ್ಲಿ ಮೂರರಲ್ಲಿ ಎರಡು ಪಾಲು ಕಾರ್ಮಿಕರದ್ದು. ದುಡ್ಡು ಕಟ್ಟಿದಷ್ಟೇ ಅಧಿಕಾರ, ಅಂದ್ರೆ ನಿಧಿಯ ಆಡಳಿತದಲ್ಲೂ ಎರಡು ಪಾಲು ಅವರದ್ದೇ. ವಿರೋಧಿಸಿದ್ದ ಸಮಾಜವಾದಿಗಳೇ ಬರಬರುತ್ತಾ ಆ ನಿಧಿಗಳ ಒಳಗೆ ಬೇರೂರಿದ್ರು. 1890ರ ಚುನಾವಣೆಯಲ್ಲಿ ಅವರ ಪಕ್ಷಕ್ಕೆ ಸುಮಾರು 14 ಲಕ್ಷ ಮತ, ಉಳಿದೆಲ್ಲ ಪಕ್ಷಗಳಿಗಿಂತ ಹೆಚ್ಚು. ಅದೇ ವರ್ಷ ನಿಷೇಧವೂ ಕೊನೆಯಾಯ್ತು, ಬಿಸ್ಮಾರ್ಕ್ ಕುರ್ಚಿಯೂ ಹೋಯ್ತು.

ಬ್ರಿಟನ್ನಿನಲ್ಲಿ ಈ ಕೆಲಸಕ್ಕೆ ಕೈ ಹಾಕಿದ್ದು ಉದಾರವಾದಿಗಳು. ಹಸಿವು, ಕಾಯಿಲೆ ಇದ್ದವನಿಗೆ ಸ್ವಾತಂತ್ರ್ಯ ಬರೀ ಕಾಗದದ ಮೇಲಿರುತ್ತೆ ಅನ್ನೋದು ಹೊಸ ಉದಾರವಾದದ ವಾದ. ಅವರ ಹಣಕಾಸು ಮಂತ್ರಿ ಲಾಯ್ಡ್ ಜಾರ್ಜ್ 1908ರಲ್ಲಿ ಜರ್ಮನಿಗೇ ಹೋಗಿ ನೋಡಿ ಬಂದ್ರು. 1911ರಲ್ಲಿ ಅವರು ತಂದ ಆರೋಗ್ಯ ವಿಮೆಗೆ ವಾರಕ್ಕೆ ಕಾರ್ಮಿಕನಿಂದ 4 ಪೆನ್ನಿ, ಮಾಲೀಕನಿಂದ 3, ಸರ್ಕಾರದಿಂದ 2.

[ಪರದೆ: ಮಂಡ್ಯದ ಕಬ್ಬಿನ ಗದ್ದೆ]

ನಮಗೆ ಮುಖ್ಯವಾಗೋದು ಇದು. ವಂತಿಗೆ ಪದ್ಧತಿ ನಡೆಯೋಕೆ ಒಬ್ಬ ಖಾಯಂ ಮಾಲೀಕ ಬೇಕು. ಮಂಡ್ಯದಲ್ಲಿ ಇವತ್ತು ಒಬ್ಬರ ಗದ್ದೆ, ನಾಳೆ ಇನ್ನೊಬ್ಬರ ಆಲೆಮನೆ ಅಂತ ಕೂಲಿಗೆ ಹೋಗೋರ ಪಾಲಿಗೆ 3.25 ಕಟ್ಟೋರು ಯಾರು? 1883ರ ಜರ್ಮನಿಯಲ್ಲೂ ಕೃಷಿ ಕೂಲಿಗಳಿಗೆ ವಿಮೆ ಕಡ್ಡಾಯ ಇರಲಿಲ್ಲ.

ಇಂಥವರಿಗೆ ದಾರಿ ಅಂದ್ರೆ ಬ್ರಿಟನ್ನಿನ 1908ರ ಪಿಂಚಣಿ ಕಾಯ್ದೆಯದ್ದು: ವಂತಿಗೆ ಇಲ್ಲ, 70 ದಾಟಿದ ಬಡವರಿಗೆ ಖಜಾನೆಯಿಂದಲೇ ವಾರಕ್ಕೆ 5 ಶಿಲ್ಲಿಂಗ್. ನಮ್ಮ ರಾಜ್ಯದ ವೃದ್ಧರ ಪಿಂಚಣಿ ಸಂಧ್ಯಾ ಸುರಕ್ಷಾ ಇದೇ ಜಾತಿಯದ್ದು. ಇದರ ತೊಂದರೆ ಅರ್ಹತೆಯ ಪರೀಕ್ಷೆಯಲ್ಲಿದೆ. ಬ್ರಿಟನ್ನಿನಲ್ಲಿ ಮೊದಲೆರಡು ವರ್ಷ, ಬಡವರ ಪರಿಹಾರ ಪಡೆದಿದ್ದವರನ್ನೇ ಹೊರಗಿಟ್ಟಿದ್ರು. ಇಲ್ಲಿ ಆದಾಯ ಪ್ರಮಾಣಪತ್ರ ಬೇಕು. ಅದಕ್ಕೆ ನಾಡಕಚೇರಿಯಲ್ಲಿ ಮುಂಚೆಯೇ ಅರ್ಜಿ ಹಾಕಿಸಿ. ಅದು ತಡವಾದ್ರೆ ಪಿಂಚಣಿ ಅರ್ಜಿ ಮುಂದಕ್ಕೆ ಹೋಗಲ್ಲ.